ಪಾಚಿ ನೀರಿಗೆ ಎರಡು ಡ್ರಮ್: ಕೆರೆ ನೀರನ್ನು ಅಡುಗೆಮನೆಗೆ ತಂದ ನಾಲ್ಕು ತಿಂಗಳು

ನಮ್ಮ ಬೋರಿನ ನೀರಲ್ಲಿ ತೊಗರಿಬೇಳೆ ಬೇಯುವುದಿಲ್ಲ. ಕುಕ್ಕರ್ ಎಷ್ಟು ಸಲ ಕೂಗಿದರೂ ಬೇಳೆ ಬೇಳೆಯಾಗಿಯೇ ಉಳಿಯುತ್ತದೆ. ಪಾತ್ರೆ ತಳದಲ್ಲಿ ಬಿಳಿ ಉಪ್ಪು ಕಟ್ಟುತ್ತದೆ. ನಮ್ಮೂರು ಪಾಂಡವಪುರ ತಾಲ್ಲೂಕಿನ ಒಂದು ಸಣ್ಣ ಊರು. ವಿಸಿ (ವಿಶ್ವೇಶ್ವರಯ್ಯ) ನಾಲೆಗೆ ಕಟ್ಟು ನೀರು, ಅಂದರೆ ಸರದಿಯ ನೀರು, ಬಿಟ್ಟಾಗಲೆಲ್ಲ ಕೆರೆ ತುಂಬುತ್ತದೆ. ಕನ್ನಂಬಾಡಿ ಕಟ್ಟೆಯಿಂದ ಬರುವ ಆ ನೀರು ಮೃದು, ಬಾಯಿಗೆ ಸಿಹಿ. ಅವ್ವನ ಕಾಲದಲ್ಲಿ ಎಲ್ಲರೂ ಕೆರೆ ನೀರನ್ನೇ ಹೊತ್ತು ತಂದು, ಬಟ್ಟೆಯಲ್ಲಿ ಸೋಸಿ ಕುಡಿಯುತ್ತಿದ್ದರು.

ಈಗ ಹಾಗೆ ಮಾಡುವಂತಿಲ್ಲ. ಸುತ್ತ ಭತ್ತ, ಕಬ್ಬು. ಗದ್ದೆಗೆ ಹಾಕಿದ ಯೂರಿಯಾ, ಡಿಎಪಿ ಮಳೆಗೆ ತೊಳೆದು ಕೆರೆ ಸೇರುತ್ತದೆ. ಪೈರಿಗೆ ಹಾಕಿದ್ದನ್ನು ಪಾಚಿಯೂ ತಿನ್ನುತ್ತದೆ, ಅಲ್ವಾ? ನಾಲ್ಕು ದಿನ ಬಿಸಿಲು ಹೊಡೆದು ಗಾಳಿ ನಿಂತರೆ ಸಾಕು, ನೀರು ಹಸಿರು.

ಜೂನ್ ಮೊದಲ ವಾರ ಕೆಲಸ ಶುರು ಮಾಡಿದೆ. ಮನೆಯಲ್ಲಿ ಎಂಟು ಜನ. ಕುಡಿಯಲು, ಅಡುಗೆಗೆ ಮಾತ್ರ ಈ ನೀರು. ದಿನಕ್ಕೆ ನೂರೈವತ್ತು ಲೀಟರ್ ಸಿಕ್ಕರೆ ಧಾರಾಳ.

ಆರಿಸಿಕೊಂಡಿದ್ದು ನಿಧಾನ ಮರಳು ಫಿಲ್ಟರ್. ಇದು ಹೊಸದೇನಲ್ಲ. 1804ರಲ್ಲಿ ಸ್ಕಾಟ್ಲೆಂಡಿನ ಪೈಸ್ಲಿಯಲ್ಲಿ ಜಾನ್ ಗಿಬ್ ಎಂಬಾತ ತನ್ನ ಬಟ್ಟೆ ಕಾರ್ಖಾನೆಗೆ ಹೀಗೆ ನೀರು ಸೋಸಿಕೊಂಡು, ಮಿಕ್ಕಿದ್ದನ್ನು ಊರಿನವರಿಗೆ ಮಾರಿದ. 1829ರಲ್ಲಿ ಜೇಮ್ಸ್ ಸಿಂಪ್ಸನ್ ಲಂಡನ್ನಿನ ಚೆಲ್ಸಿಯಲ್ಲಿ ಥೇಮ್ಸ್ ನೀರಿಗೆ ಇದನ್ನೇ ಕಟ್ಟಿದ. ನಗರಗಳ ದೊಡ್ಡ ಘಟಕಗಳಲ್ಲಿ ಪಟಿಕ ಹಾಕಿ, ಕೊಳೆ ಗಟ್ಟಿ ಮಾಡಿ ಕೆಳಗಿಳಿಸಿ, ಆಮೇಲೆ ಗಂಟೆಗೆ ಐದು ಮೀಟರ್ ವೇಗದಲ್ಲಿ ಮರಳಿನ ಮೂಲಕ ಬಿಡುತ್ತಾರೆ. ನಿಧಾನ ಫಿಲ್ಟರಿನಲ್ಲಿ ಗಂಟೆಗೆ 0.1ರಿಂದ 0.4 ಮೀಟರ್ ಅಷ್ಟೇ. ಕರೆಂಟ್ ಬೇಡ, ಪಟಿಕ ಬೇಡ. ಮರಳಿನ ಮೇಲೆ ಕಟ್ಟುವ ಒಂದು ಜೀವಂತ ಪದರವೇ ಮುಕ್ಕಾಲು ಕೆಲಸ ಮಾಡುತ್ತದೆ.

ದೊಡ್ಡಪ್ಪ ಬಂದು ನೋಡಿ, "ಮಳ್ಳಲ್ಲಿ ಸೋಸ್ಬುಟ್ರೆ ಕಾಯ್ಲೆ ಹೊಯ್ತದ್ಲಾ?" ಅಂದರು. ಅವರಿಗೆ ಹ್ಯಾಂಬರ್ಗಿನ ಕತೆ ಹೇಳಿದೆ. 1892ರಲ್ಲಿ ಜರ್ಮನಿಯ ಹ್ಯಾಂಬರ್ಗ್ ಊರು ಎಲ್ಬೆ ನದಿ ನೀರನ್ನು ಸೋಸದೆ ಕುಡಿಯುತ್ತಿತ್ತು. ಕಾಲರಾ ಬಂದು ಸಾವಿರಾರು ಜನ ಸತ್ತರು. ಪಕ್ಕದ ಆಲ್ಟೋನಾ ಅದೇ ನದಿಯ ನೀರನ್ನು, ಅದೂ ಹ್ಯಾಂಬರ್ಗಿನ ಕೊಳೆ ಸೇರಿದ ಮೇಲಿನ ನೀರನ್ನು, ಮರಳಲ್ಲಿ ಸೋಸಿ ಕುಡಿಯುತ್ತಿತ್ತು. ಅಲ್ಲಿ ಕಾಯಿಲೆ ಅಷ್ಟಾಗಿ ಹಬ್ಬಲಿಲ್ಲ. ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ಮಾಡು" ಅಂದು ಹೋದರು.

ಡ್ರಮ್ಮಿನ ಲೆಕ್ಕ ಹೀಗೆ. 200 ಲೀಟರಿನ ನೀಲಿ ಡ್ರಮ್ಮಿನ ಅಡ್ಡಳತೆ 57 ಸೆಂಟಿಮೀಟರ್. ಅಂದರೆ ಮರಳಿನ ಮೇಲ್ಮೈ ಕಾಲು ಚದರ ಮೀಟರ್. ಗಂಟೆಗೆ 0.1 ಮೀಟರ್ ವೇಗ ಅಂದರೆ 25 ಲೀಟರ್. ದಿನಕ್ಕೆ 600 ಲೀಟರ್. ನಮಗೆ ಬೇಕಾದ್ದಕ್ಕಿಂತ ಜಾಸ್ತಿಯೇ. ಗಡಿಯಾರ ಹಿಡಿದು ನೋಡುವುದಾದರೆ, ಒಂದು ಲೀಟರ್ ತಂಬಿಗೆ ತುಂಬಲು ಎರಡು ನಿಮಿಷ 24 ಸೆಕೆಂಡ್ ಆಗಬೇಕು. ಈ ಲೆಕ್ಕವನ್ನು ಡ್ರಮ್ಮಿನ ಮೇಲೆಯೇ ಮಾರ್ಕರಿನಲ್ಲಿ ಬರೆದಿಟ್ಟೆ.

ಡ್ರಮ್ ಕೊಳ್ಳುವಾಗ ಮೂಸಿ ನೋಡಿ. ಮೊದಲು ತಂದ ಹಳೇ ಡ್ರಮ್ಮಿನಲ್ಲಿ ಔಷಧಿ ವಾಸನೆ ಇತ್ತು. ಎಷ್ಟು ತೊಳೆದರೂ ಹೋಗಲಿಲ್ಲ, ವಾಪಸ್ ಕೊಟ್ಟೆ. ತಿನ್ನುವ ಪದಾರ್ಥ ತುಂಬಿದ್ದ ಡ್ರಮ್ ಸಿಗುವವರೆಗೆ ಎರಡು ವಾರ ಕಾದೆ.

ಮರಳು ಮನೆ ಕಟ್ಟಿದಾಗ ಉಳಿದಿದ್ದು, ಹಿತ್ತಲಲ್ಲಿ ಗುಡ್ಡೆ ಬಿದ್ದಿತ್ತು. ಈ ಫಿಲ್ಟರಿಗೆ 0.15ರಿಂದ 0.35 ಮಿಲಿಮೀಟರಿನ ಸಣ್ಣ ಮರಳು ಬೇಕು. ಮೊದಲು ಕಟ್ಟಡದ ಜರಡಿ, ಆಮೇಲೆ ಅವ್ವನ ರಾಗಿಹಿಟ್ಟಿನ ಒಂದರಿಯಂಥದೇ ಇನ್ನೊಂದು ಒಂದರಿ ತಂದು ಹಿಡಿದೆ. ಒಣಗಿದ ಮರಳು ಮಾತ್ರ ಇಳಿಯುತ್ತದೆ. ಮಳೆ ಬಂದು ಎರಡು ದಿನ ಕೆಲಸ ನಿಂತಿತು. ಎಂ ಸ್ಯಾಂಡ್ ಹಾಕಬಹುದಾ ಅಂತ ಇಬ್ಬರು ಕೇಳಿದರು. ಹಾಕಬಹುದು, ಆದರೆ ಅದರ ಕಲ್ಲುಪುಡಿ ತೊಳೆದು ಮುಗಿಯುವುದಿಲ್ಲ.

ತೊಳೆಯುವುದನ್ನು ಅವಸರ ಮಾಡಬೇಡಿ. ಬಕೆಟ್ಟಿಗೆ ಮೂರನೇ ಒಂದು ಭಾಗ ಮರಳು ಹಾಕಿ, ನೀರು ತುಂಬಿ, ಮೊಣಕೈವರೆಗೆ ಕೈಯಿಟ್ಟು ತಿರುವಿ, ಮೇಲಿನ ರಾಡಿ ಚೆಲ್ಲುವುದು. ಮೊದಲ ನೀರು ಕಾಫಿ ಬಣ್ಣ. ಆರನೆಯದು ಮಜ್ಜಿಗೆ ನೀರಿನ ಹಾಗೆ. ಹನ್ನೆರಡನೆಯದನ್ನು ಗಾಜಿನ ಲೋಟಕ್ಕೆ ಬಗ್ಗಿಸಿದಾಗ ಆಚೆ ಹಿಡಿದ ಕ್ಯಾಲೆಂಡರಿನ ಅಕ್ಷರ ಓದಲು ಬಂತು. ಆಗ ಬಿಟ್ಟೆ.

ತಳದಲ್ಲಿ ತೂತು ಕೊರೆದ ಒಂದಿಂಚಿನ ಪೈಪು. ಅದರ ಮೇಲೆ ಐದು ಸೆಂಟಿಮೀಟರ್ 12 ಎಂಎಂ ಜಲ್ಲಿ, ಐದು ಸೆಂಟಿಮೀಟರ್ ಬೇಬಿ ಜಲ್ಲಿ, ಅದರ ಮೇಲೆ 50 ಸೆಂಟಿಮೀಟರ್ ಮರಳು. ಹೊರಗೆ ಬಂದ ಪೈಪನ್ನು ಮತ್ತೆ ಮೇಲಕ್ಕೆ ಏರಿಸಿ, ಮರಳಿನ ಮಟ್ಟಕ್ಕಿಂತ ಐದು ಸೆಂಟಿಮೀಟರ್ ಎತ್ತರದಲ್ಲಿ ಬಾಯಿ ಬಿಟ್ಟೆ. ಇದು ಮುಖ್ಯ. ಮೇಲಿಂದ ನೀರು ನಿಂತರೂ ಮರಳು ಒಣಗುವುದಿಲ್ಲ. ಒಣಗಿದರೆ ಅದರೊಳಗಿನ ಜೀವ ಸಾಯುತ್ತದೆ. ಮರಳು ತುಂಬುವಾಗ ಡ್ರಮ್ಮಿನಲ್ಲಿ ಮೊದಲು ನೀರಿರಬೇಕು, ನೀರಿನೊಳಗೆ ಮರಳು ಸುರಿಯಬೇಕು. ಇಲ್ಲದಿದ್ದರೆ ಗಾಳಿ ಸಿಕ್ಕಿಕೊಳ್ಳುತ್ತದೆ.

ಕೆರೆಯಿಂದ ಮೋಟಾರು, ಅಲ್ಲಿಂದ ಮನೆ ಮೇಲಿನ ಸಾವಿರ ಲೀಟರಿನ ಕಪ್ಪು ಟ್ಯಾಂಕು, ಅಲ್ಲಿಂದ ಡ್ರಮ್ಮಿಗೆ. ತ್ರೀ ಫೇಸ್ ಕರೆಂಟ್ ಬಂದಾಗ ಟ್ಯಾಂಕು ತುಂಬಿಕೊಂಡರೆ ಮಿಕ್ಕ ಹೊತ್ತೆಲ್ಲ ನೀರು ತಾನಾಗಿಯೇ ಇಳಿಯುತ್ತದೆ.

ನೀರು ಬಿಟ್ಟ ಮೊದಲ ದಿನ ಬಹಳ ಖುಷಿ. ನಾಲ್ಕನೇ ದಿನ ಬೆಳಗ್ಗೆ ನಲ್ಲಿಯಲ್ಲಿ ತೊಟ್ಟು ತೊಟ್ಟು. ಮುಚ್ಚಳ ತೆಗೆದರೆ ಮರಳಿನ ಮೇಲೆ ಹಸಿರು ಚಾಪೆ. ಬೆರಳಲ್ಲಿ ಎತ್ತಿದರೆ ಒದ್ದೆ ಕಾಗದದ ಹಾಗೆ ಹಾಳೆಯಾಗಿ ಬಂತು. ಅದರ ಕೆಳಗೆ ಮರಳು ಹೊಸದರ ಹಾಗೇ ಇತ್ತು. ಪಾಚಿ ಒಳಗೆ ಇಳಿದೇ ಇರಲಿಲ್ಲ, ಮೇಲೆಯೇ ಬಾಗಿಲು ಹಾಕಿಬಿಟ್ಟಿತ್ತು.

ಆಗ ನಾನು ಮಾಡಿದ್ದು ತಪ್ಪು. ಪಾಚಿ ಸತ್ತರೆ ಸರಿಹೋಗುತ್ತದೆ ಅಂದುಕೊಂಡು ಮೇಲಿನ ಟ್ಯಾಂಕಿಗೇ ಬ್ಲೀಚಿಂಗ್ ಪೌಡರ್ ಹಾಕಿದೆ. ಮಾರನೇ ದಿನ ನೀರಿನ ಬಣ್ಣ ಹಸಿರಿನಿಂದ ಕಂದಾಗಿತ್ತು. ವಾಸನೆ ಮಾತ್ರ ತಡೆಯಲಾಗಲಿಲ್ಲ. ಹಳೇ ಮಣ್ಣು, ಕೊಳೆತ ಹುಲ್ಲು, ಎರಡೂ ಸೇರಿದ ವಾಸನೆ. ಅತ್ತಿಗೆ ಆ ನೀರಲ್ಲಿ ಅನ್ನಕ್ಕಿಟ್ಟು, ಮುಚ್ಚಳ ತೆಗೆದವರೇ ಪಾತ್ರೆ ಸಮೇತ ಹೊರಗೆ ತಂದಿಟ್ಟರು.

ಅಕ್ಕನ ಮಗಳು ಮೈಸೂರಲ್ಲಿ ಬಿಎಸ್ಸಿ ಓದುತ್ತಾಳೆ. ಭಾನುವಾರ ಬಂದಾಗ ಕಾಗದದ ಪುಟ್ಟ ಮೈಕ್ರೋಸ್ಕೋಪ್ ತಂದಿದ್ದಳು. ಒಂದು ಹನಿ ಇಟ್ಟು ಕಿಟಕಿಗೆ ಹಿಡಿದು, "ಮಾವ, ನೋಡಿ" ಅಂದಳು. ಉದ್ದ ಗಾಜಿನ ಕೊಳವೆಯೊಳಗೆ ಹಸಿರು ದಾರವೊಂದು ಪೆನ್ನಿನ ಸ್ಪ್ರಿಂಗಿನ ಹಾಗೆ ಸುತ್ತಿಕೊಂಡು ಹೋಗಿತ್ತು. ಅದು ಸ್ಪೈರೋಗೈರಾ. ಪಕ್ಕದಲ್ಲಿ ಸೂಜಿಯಂಥವು, ದೋಣಿಯಂಥವು, ಅವು ಡಯಾಟಮ್. ಅವಕ್ಕೆ ಮೈಮೇಲೆ ಗಾಜಿನ ಚಿಪ್ಪು. ಫಿಲ್ಟರ್ ಕಟ್ಟಿಕೊಳ್ಳುವಂತೆ ಮಾಡುವುದರಲ್ಲಿ ಇವು ಎತ್ತಿದ ಕೈ. ಇನ್ನೊಂದು ಕಡೆ ಚುಕ್ಕೆ ಚುಕ್ಕೆ ಸೇರಿ ಮೋಡದ ಹಾಗೆ ಗುಂಪಾಗಿದ್ದವು. "ಇದು ಮೈಕ್ರೋಸಿಸ್ಟಿಸ್ ಇರಬಹುದು ಮಾವ. ನೀಲಿ-ಹಸಿರು ಪಾಚಿ. ಇದನ್ನ ಒಡೀಬಾರದು" ಅಂದಳು.

ಈ ಕೆಲಸದ ಜೀವಾಳ ಅವಳ ಆ ಒಂದು ಮಾತು. ಪಾಚಿಯನ್ನು ಸಾಯಿಸಬೇಡಿ, ಇಡಿಯಾಗಿ ಹಿಡಿದು ಹೊರಗೆ ಹಾಕಿ. ನೀಲಿ-ಹಸಿರು ಪಾಚಿಯ ಕೆಲವು ಜಾತಿಗಳ ಒಳಗೆ ವಿಷ ಇರುತ್ತದೆ. ಮೈಕ್ರೋಸಿಸ್ಟಿನ್ ಅನ್ನುವುದು ಲಿವರ್‌ಗೆ ಕೆಟ್ಟದ್ದು. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ಇಟ್ಟ ಮಿತಿ ಲೀಟರಿಗೆ ಒಂದು ಮೈಕ್ರೋಗ್ರಾಂ. ಪಾಚಿ ಇಡಿಯಾಗಿದ್ದಾಗ ವಿಷದ ಹೆಚ್ಚು ಪಾಲು ಅದರೊಳಗೇ ಇರುತ್ತದೆ, ಜಲ್ಲಿ-ಮರಳು ಹಿಡಿಯಬಲ್ಲವು. ಬ್ಲೀಚಿಂಗೋ ಮೈಲುತುತ್ತವೋ ಹಾಕಿ ಒಡೆದರೆ ವಿಷವೂ ವಾಸನೆಯೂ ನೀರಿಗೆ ಬಿಡುತ್ತವೆ. ಕರಗಿದ್ದನ್ನು ಜರಡಿ ಹಿಡಿಯಲಾಗುತ್ತದಾ? ಕುದಿಸಿದರೂ ಈ ವಿಷ ಹೋಗುವುದಿಲ್ಲ. ಇದು ಬಹಳ ಜನಕ್ಕೆ ಗೊತ್ತಿಲ್ಲ, ದಯವಿಟ್ಟು ಮನೆಯಲ್ಲಿ ಹೇಳಿ.

ಟ್ಯಾಂಕು ಖಾಲಿ ಮಾಡಿ ಉಜ್ಜಿ ತೊಳೆದು, ಮರಳೆಲ್ಲ ಹೊರಗೆ ತೆಗೆದು, ಮೊದಲಿಂದ ಶುರು ಮಾಡಿದೆ. ಈ ಸಲ ಕೆರೆಯಿಂದಲೇ.

ನಮ್ಮ ಫುಟ್‌ವಾಲ್ವ್, ಅಂದರೆ ನೀರು ಹೀರುವ ಪೈಪಿನ ಬಾಯಿ, ಏರಿ ಪಕ್ಕದ ಪೂರ್ವದ ಮೂಲೆಯಲ್ಲಿತ್ತು. ಆಷಾಢದ ಗಾಳಿ ಪಡುವಣದಿಂದ ಬೀಸುತ್ತದೆ. ತೇಲುವ ಪಾಚಿಯೆಲ್ಲ ಬಂದು ಸೇರುವುದು ಅದೇ ಮೂಲೆಗೆ. ಅಂದರೆ ಇಡೀ ಕೆರೆಯ ಕೆನೆಯನ್ನು ನಾವು ಹೀರುತ್ತಿದ್ದೆವು. ಪೈಪನ್ನು ಎದುರು ದಡದ ಕಡೆಗೆ ಎಳೆದೆ. ಎರಡು ಖಾಲಿ ಎಣ್ಣೆ ಕ್ಯಾನು ಕಟ್ಟಿ ತೇಲಿಬಿಟ್ಟು, ಪೈಪಿನ ಬಾಯಿ ನೀರಿನ ಮೇಲ್ಮೈಗಿಂತ ಮೂರಡಿ ಕೆಳಗೆ ಇರುವಂತೆ ನೇತುಹಾಕಿದೆ. ನೀಲಿ-ಹಸಿರು ಪಾಚಿಯೊಳಗೆ ಗಾಳಿಯ ಸಣ್ಣ ಚೀಲಗಳಿವೆ. ನೀರು ಅಲುಗದಿದ್ದಾಗ ಅದು ಮೇಲಕ್ಕೆ ಬರುತ್ತದೆ. ಮೂರಡಿ ಕೆಳಗೆ ಕಡಿಮೆ. ತಳಕ್ಕೂ ಹೋಗಬಾರದು, ಅಲ್ಲಿ ಕೆಸರು. ಇಷ್ಟೇ ಬದಲಾವಣೆಗೆ ಟ್ಯಾಂಕಿನ ನೀರು ಕಣ್ಣಿಗೆ ಕಾಣುವಷ್ಟು ತಿಳಿಯಾಯಿತು. ಒಂದು ರೂಪಾಯಿಯ ಮರಳನ್ನೂ ಮುಟ್ಟದೆ.

ಆಮೇಲೆ ಜಲ್ಲಿ ಡ್ರಮ್. ಮರಳು ಡ್ರಮ್ಮಿಗಿಂತ ಮುಂಚೆ ಇನ್ನೊಂದು ಡ್ರಮ್, ಅದರಲ್ಲಿ ನೀರು ಕೆಳಗಿನಿಂದ ಮೇಲಕ್ಕೆ ಏರುತ್ತದೆ. ನಡುವೆ ಮೂರಿಂಚಿನ ಪೈಪು ನಿಲ್ಲಿಸಿದ್ದೇನೆ. ಫ್ಲೋಟ್ ವಾಲ್ವಿನಿಂದ ಬೀಳುವ ನೀರು ಆ ಪೈಪಿನಲ್ಲಿ ತಳಕ್ಕಿಳಿದು, 20 ಎಂಎಂ, 12 ಎಂಎಂ, ಬೇಬಿ ಜಲ್ಲಿ ಹೀಗೆ ದಪ್ಪದಿಂದ ಸಣ್ಣದಕ್ಕೆ ಏರಿ ಬರುತ್ತದೆ. ಜಲ್ಲಿಯ ಸಂದಿ ಪಾಚಿಗಿಂತ ಎಷ್ಟೋ ದೊಡ್ಡದು, ಮತ್ತೆ ಹೇಗೆ ಹಿಡಿಯುತ್ತದೆ ಅಂತ ಭಾವ ಕೇಳಿದರು. ಅದು ಜರಡಿ ಕೆಲಸವಲ್ಲ. ನೀರು ಅಷ್ಟು ನಿಧಾನ ಹೋಗುವಾಗ ಪ್ರತಿ ಕಲ್ಲಿನ ಮೇಲೂ ಕೊಳೆ ಕೂರುತ್ತದೆ. ಒಂದು ದೊಡ್ಡ ತೊಟ್ಟಿಯಲ್ಲಿ ಪಾಚಿ ಎರಡಡಿ ಇಳಿಯಬೇಕು. ಇಲ್ಲಿ ಕಲ್ಲಿಂದ ಕಲ್ಲಿಗೆ ಅರ್ಧ ಬೆರಳು ಇಳಿದರೆ ಸಾಕು. ಕಲ್ಲಿಗೆ ಲೋಳೆ ಕಟ್ಟಿದ ಮೇಲೆ ಇನ್ನೂ ಚೆನ್ನಾಗಿ ಅಂಟುತ್ತದೆ.

ಜಲ್ಲಿ ಡ್ರಮ್ಮಿನ ತಳಕ್ಕೆ ಎರಡಿಂಚಿನ ಬಾಲ್ ವಾಲ್ವ್ ಹಾಕಿ. ಸಣ್ಣದು ಹಾಕಬೇಡಿ. ವಾರಕ್ಕೊಮ್ಮೆ ಅದನ್ನು ಪಟ್ಟನೆ ತೆಗೆದರೆ ನೀರು ಧಡ್ ಅಂತ ಕೆಳಗಿಳಿದು, ಕೂತಿದ್ದ ಹಸಿರು ರಾಡಿಯನ್ನೆಲ್ಲ ಎಳೆದುಕೊಂಡು ಬರುತ್ತದೆ. ಎರಡು ಮೂರು ಸಲ ತುಂಬಿಸಿ ಬಿಟ್ಟರೆ ತಿಳಿ. ಆ ರಾಡಿ ನೀರು ನಮ್ಮ ಬಾಳೆ ಬುಡಕ್ಕೆ ಹೋಗುತ್ತದೆ.

ಎರಡೂ ಡ್ರಮ್ ಒಂದೇ ಮಟ್ಟದಲ್ಲಿ, ಸಿಮೆಂಟ್ ಬ್ಲಾಕಿನ ಎರಡಡಿ ಕಟ್ಟೆಯ ಮೇಲಿವೆ. ಮೇಲ್ಭಾಗದಲ್ಲಿ ಒಂದಕ್ಕೊಂದು ಪೈಪಿನ ಸಂಪರ್ಕ. ನೀರು ಬೀಳುವ ಜಾಗದಲ್ಲಿ ಮರಳಿನ ಮೇಲೆ ಹಳೇ ಸ್ಟೀಲ್ ತಟ್ಟೆ ಇಟ್ಟಿದ್ದೇನೆ, ಮರಳು ಕೆದಕದಿರಲಿ ಅಂತ. ವೇಗ ಹಿಡಿಯುವುದು ಕೊನೆಯ ಗೇಟ್ ವಾಲ್ವಿನಲ್ಲಿ ಮಾತ್ರ. ಮೊದಲಲ್ಲೇ ವಾಲ್ವ್ ಬಿಗಿ ಮಾಡಿದರೆ ಅದರ ಸಣ್ಣ ಸಂದಿಗೆ ಪಾಚಿ ಎಳೆ ಸಿಕ್ಕಿಕೊಂಡು ನೀರು ನಿಲ್ಲುತ್ತದೆ.

ಬೆಳಕು ಪೂರ್ತಿ ಬಂದ್. ಡ್ರಮ್ಮಿಗೆ ಮುಚ್ಚಳ, ಅದರ ಮೇಲೆ ಗೋಣಿಚೀಲ, ಮೇಲೆ ತೆಂಗಿನ ಗರಿ ಚಪ್ಪರ. ನೀಲಿ ಡ್ರಮ್ ಬೆಳಕನ್ನು ಒಳಗೆ ಬಿಡುತ್ತದೆ, ಹೊರಗೆ ಕಪ್ಪು ಬಣ್ಣ ಬಳಿದೆ. ಇಲ್ಲದಿದ್ದರೆ ಕೆರೆಯದನ್ನು ಹಿಡಿದು ಡ್ರಮ್ಮಿನಲ್ಲೇ ಹೊಸ ಪಾಚಿ ಬೆಳೆಸಿದಂತೆ.

ಪಟಿಕವನ್ನೂ ನೋಡಿದೆ. ಐದು ಬಾಟಲಿಯಲ್ಲಿ ಲೀಟರಿಗೆ 10ರಿಂದ 50 ಮಿಲಿಗ್ರಾಂವರೆಗೆ. 30ರಲ್ಲಿ ಒಳ್ಳೆ ಗಂಟು ಕಟ್ಟಿತು. ಆದರೆ ಬಿಸಿಲಲ್ಲಿಟ್ಟ ಬಾಟಲಿಗಳಲ್ಲಿ ಗಂಟು ತಳಕ್ಕೆ ಹೋಗಲಿಲ್ಲ, ಮೇಲೆ ಬಂತು. ಹತ್ತಿರದಿಂದ ನೋಡಿದರೆ ಪ್ರತಿ ಗಂಟಿಗೂ ಸಾಸಿವೆಗಿಂತ ಸಣ್ಣ ಗುಳ್ಳೆ ಅಂಟಿತ್ತು. ಪಾಚಿ ಬಿಸಿಲಿಗೆ ಬಿಟ್ಟ ಆಮ್ಲಜನಕ. ದಿನಾ ತೂಕ ಹಾಕಿ ಪಟಿಕ ಬೆರೆಸುವುದು ಮನೆಯಲ್ಲಿ ನಡೆಯುವ ಕೆಲಸವಲ್ಲ. ಬಿಟ್ಟೆ.

ಇಷ್ಟು ಮಾಡಿ ಆಗಸ್ಟ್ ಮೊದಲ ವಾರ ನೀರು ಬಿಟ್ಟೆ. ಕುಡಿಯಲಿಲ್ಲ. ಮರಳು ಪಕ್ವ ಆಗಬೇಕು. ನಮ್ಮ ಸೆಖೆಗೆ ಎರಡು ಮೂರು ವಾರ ಬೇಕು. ಈ ಪದರಕ್ಕೆ ಜರ್ಮನರು ಶ್ಮುಟ್ಸ್‌ಡೆಕ್ಕೆ ಅನ್ನುತ್ತಾರೆ, ಕೊಳೆ ಹೊದಿಕೆ ಅಂತ ಅರ್ಥ. ಅವ್ವನಿಗೆ ಹೇಳಿದಾಗ, "ಹೆಪ್ಪಾಕ್ದಂಗೆ ಅನ್ನು. ಅವಸ್ರ ಮಾಡುದ್ರೆ ಮೊಸ್ರಾಯ್ತದಾ?" ಅಂದರು. ನಿಜಕ್ಕೂ ಹಾಗೇ. ಮರಳಿನ ಸಂದಿಗಿಂತ ಸಣ್ಣ ಪಾಚಿ, ಅದಕ್ಕಿಂತ ಸಣ್ಣ ಬ್ಯಾಕ್ಟೀರಿಯಾ, ಇವನ್ನೆಲ್ಲ ಹಿಡಿದು ತಿನ್ನುವುದು ಆ ಹೆಪ್ಪು.

ಐದನೇ ದಿನ ನೀರು ಪರೀಕ್ಷೆಯ ಎಚ್‌ಟುಎಸ್ ಬಾಟಲಿಗೆ ನೀರು ತುಂಬಿಟ್ಟೆ. ಒಂದೇ ರಾತ್ರಿಗೆ ಕಪ್ಪಾಯಿತು, ಅಂದರೆ ಹೊಲಸಿನ ಬ್ಯಾಕ್ಟೀರಿಯಾ ಇದೆ. ಹದಿನಾಲ್ಕನೇ ದಿನ ತುಂಬಿದ ಬಾಟಲಿ ಎರಡನೇ ದಿನಕ್ಕೆ ಕಪ್ಪು. ಇಪ್ಪತ್ತನಾಲ್ಕನೇ ದಿನದ ಬಾಟಲಿ ಎರಡು ದಿನ ಕಳೆದರೂ ಬಣ್ಣ ಬದಲಿಸಲಿಲ್ಲ. ಅತ್ತಿಗೆ ಅದನ್ನು ಅಡುಗೆಮನೆ ಕಿಟಕಿಯಲ್ಲಿ ಇನ್ನೂ ಇಟ್ಟುಕೊಂಡಿದ್ದಾರೆ.

ಹಾಗಂತ ಕ್ಲೋರಿನ್ ಬಿಡುವುದಿಲ್ಲ. ಅದರ ಜಾಗ ಕೊನೆಯಲ್ಲಿ, ಸೋಸಿದ ನೀರಿಗೆ. ಸಾವಿರ ಲೀಟರಿಗೆ 2.5 ಗ್ರಾಂ ಒಳ್ಳೆ ಬ್ಲೀಚಿಂಗ್ ಪೌಡರ್ ಲೆಕ್ಕ. ನಮ್ಮ 200 ಲೀಟರಿಗೆ ಅರ್ಧ ಗ್ರಾಂ. ಲೋಟದಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿ ಮಾತ್ರ ಹಾಕಿ, ಒಂದು ಗಂಟೆ ಬಿಡುತ್ತೇವೆ. ಆಮೇಲೆ ಟೆಸ್ಟ್ ಹನಿ ಹಾಕಿದಾಗ ತೆಳು ಹಳದಿ ಬಂದರೆ, ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿದ್ದರೆ ಸರಿ. ಪೌಡರ್ ಹಳತಾದರೆ ಶಕ್ತಿ ಇರುವುದಿಲ್ಲ, ಮುಚ್ಚಳ ಬಿಗಿ ಇಡಿ. ಇನ್ನೊಂದು ವಿಷಯ. ಪಾಚಿ ಜಾಸ್ತಿಯಿದ್ದ ಕೆರೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) ಏರುತ್ತದೆ, ನಮ್ಮಲ್ಲಿ ಒಂಬತ್ತು ದಾಟಿತ್ತು. ಪಿಎಚ್ ಏರಿದಷ್ಟೂ ಕ್ಲೋರಿನ್ ಮಂಕು. ಅದಕ್ಕೇ ಮೋಟಾರನ್ನು ಆದಷ್ಟು ಬೆಳಗಿನ ಜಾವದ ಕರೆಂಟಿಗೆ ಹಾಕುತ್ತೇವೆ.

ಕೆರೆ ನೋಡದೆ ಮೋಟಾರು ಹಾಕುವುದಿಲ್ಲ. ಒಂದು ಕೋಲು ಅದ್ದಿ ಎತ್ತುತ್ತೇನೆ. ಪಾಚಿ ಕೂದಲಿನ ಹಾಗೆ ಜೋತಾಡಿದರೆ ಅದು ಎಳೆ ಪಾಚಿ, ಜಲ್ಲಿ ಡ್ರಮ್ ನೋಡಿಕೊಳ್ಳುತ್ತದೆ. ಕೋಲಿಗೆ ಪೇಂಟ್ ಬಳಿದ ಹಾಗೆ ಅಂಟಿದರೆ ನೀಲಿ-ಹಸಿರು ಇರಬಹುದು. ಆಗ ಗಾಜಿನ ಬಾಟಲಿಯಲ್ಲಿ ನೀರು ಹಿಡಿದು ರಾತ್ರಿಯಿಡೀ ಅಲುಗಿಸದೆ ಇಡುತ್ತೇನೆ. ಬೆಳಗ್ಗೆ ಹಸಿರು ಮೇಲೆ ಬಂದು ಕೆನೆ ಕಟ್ಟಿದ್ದರೆ ಮೋಟಾರ್ ಬಂದ್. ಸೆಪ್ಟೆಂಬರಿನಲ್ಲಿ ಒಂಬತ್ತು ದಿನ ಹೀಗಾಯಿತು. ಅಷ್ಟೂ ದಿನ ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದೆವು. ಸೋಸಿದ ಮೂರು ಬಿಂದಿಗೆಯನ್ನೇ ಮರಳು ಡ್ರಮ್ಮಿಗೆ ಸುತ್ತಿಸಿ ಸುತ್ತಿಸಿ ಹಾಕಿ ಅದರ ಜೀವ ಉಳಿಸಿಕೊಂಡೆವು. ಅನುಮಾನ ಇದ್ದಾಗ ಮಕ್ಕಳಿಗೆ, ಕೊಟ್ಟಿಗೆಯ ದನಕ್ಕೆ ಆ ನೀರು ಬೇಡ.

ಗದ್ದೆಗೆ ಹೊಡೆದ ಔಷಧಿಯನ್ನು, ಕರಗಿದ ಗೊಬ್ಬರವನ್ನು ಈ ಡ್ರಮ್ ತೆಗೆಯುವುದಿಲ್ಲ. ಪಕ್ಕದ ಗದ್ದೆಗೆ ಔಷಧಿ ಹೊಡೆದ ವಾರ, ಜೋರು ಮಳೆ ಬಂದ ಮೂರು ದಿನ ಕೆರೆ ನೀರು ಎತ್ತುವುದಿಲ್ಲ. ನೀರನ್ನು ಪ್ರಯೋಗಾಲಯಕ್ಕೆ ಕೊಟ್ಟು ನೋಡಿಯೇ ಕುಡಿಯಲು ಶುರು ಮಾಡಿದ್ದು, ವರ್ಷಕ್ಕೆ ಎರಡು ಸಲ ಕೊಡುತ್ತೇವೆ.

ಮೊದಲ ಸಲ ನಾಲ್ಕು ದಿನಕ್ಕೆ ಕಟ್ಟಿದ್ದ ಮರಳು ಈ ಸಲ ಐವತ್ತೆರಡು ದಿನ ಬಂತು. ದಸರಾ ರಜೆಯಲ್ಲಿ ತಂಬಿಗೆ ತುಂಬಲು ಆರು ನಿಮಿಷ ಹಿಡಿಯಿತು. ಅಕ್ಕನ ಮಗಳು ಕೈ ತೊಳೆದುಕೊಂಡು ಬಂದು, ಮರಳಿನ ಮೇಲಿನ ಎರಡು ಬೆರಳು ಆಳವನ್ನು ಮಾತ್ರ ಮೆಲ್ಲಗೆ ಕಲಕಿದಳು. ನಾನು ಮೇಲಿನ ರಾಡಿಯನ್ನು ಚೊಂಬಿನಲ್ಲಿ ಎತ್ತಿ ಹಾಕಿದೆ. ಮೂರು ಸಲ. ಆಳಕ್ಕೆ ಕೈ ಹಾಕಿದರೆ ಹೆಪ್ಪು ಕೆಡುತ್ತದೆ. ಮತ್ತೆ ವಾಲ್ವ್ ತಿರುಗಿಸಿ ಗಡಿಯಾರ ನೋಡಿದೆವು. ಎರಡು ನಿಮಿಷ 30 ಸೆಕೆಂಡ್. ಒಂದು ವಾರ ಆ ನೀರನ್ನು ಬಾಳೆಗೆ ಬಿಟ್ಟು, ಬಾಟಲಿ ಪರೀಕ್ಷೆ ಮಾಡಿ, ನಿನ್ನೆಯಿಂದ ಮತ್ತೆ ಅಡುಗೆಗೆ ಹಿಡಿಯುತ್ತಿದ್ದೇವೆ. ಇವತ್ತು ಬೆಳಗ್ಗೆ ಅತ್ತಿಗೆ ಬೇಳೆಗಿಟ್ಟರು. ಮೂರನೇ ಕೂಗಿಗೆ ಬೆಂದಿತ್ತು.